ಕಬ್ಬು ಕಡಿಯೋ ಮುಂಚೆ ಚಳಿ ಏನ್ ಕೆಲಸ ಮಾಡುತ್ತೆ ಅಂತ ಕಣ್ಣಿಗೆ ತೋರಿಸಿದ ಬ್ರಿಕ್ಸ್ ಮೀಟರ್

ಡಬ್ಬದ ಮೇಲೆ ಹ್ಯಾಂಡ್ ರಿಫ್ರಾಕ್ಟೋಮೀಟರ್ ಅಂತ ಐತೆ, ನಮ್ಮ ಮಂಡ್ಯ ಕಡೆ ಎಲ್ರೂ ಬ್ರಿಕ್ಸ್ ಮೀಟರ್ ಅಂತಾರೆ, ರಸದಲ್ಲಿ ನೂರಕ್ಕೆ ಹೆಚ್ಚುಕಮ್ಮಿ ಎಷ್ಟು ಪಾಲು ಸಕ್ಕರೆ ಐತೆ ಅಂತ ತೋರಿಸೋ ಸಾಧನ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಿದ್ದಾಗ ಅಲ್ಲಿನೋರು ಕಬ್ಬಿನ ರಸ ಎರಡು ತೊಟ್ಟು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡ್ತಿದ್ದಿದ್ದು ಕಂಡಾಗಿಂದ ನಂಗೂ ಒಂದು ಬೇಕು ಅನ್ನಿಸ್ತಿತ್ತು, ಕೊನೆಗೆ ನವೆಂಬರಲ್ಲಿ ಮೈಸೂರಲ್ಲಿ ಲ್ಯಾಬ್ ಸಾಮಾನು ಮಾರೋ ಅಂಗಡೀಲಿ 1,300 ರೂಪಾಯಿ ಕೊಟ್ಟು ತಂದೆ. 0ಯಿಂದ 32ರ ತನಕ ಸ್ಕೇಲು. ಒಂದು ಸೀಸನ್ ಪೂರ್ತಿ ಬಳಸಿದ ಮೇಲೆ ಬರೀತಿದೀನಿ.

ನಮ್ದು 86032 ತಳಿ, ಹೋದ ಜನವರಿ ನಾಟಿ. ಡಿಸೆಂಬರ್ ಮೊದಲ ವಾರದಲ್ಲಿ ನೋಡ್ದಾಗ ಬುಡದ ಗಣ್ಣಲ್ಲಿ 18 ಬಂತು, ತುದೀಲಿ ಬರೀ 12. ನಂಗೆ ಬುಡದ 18 ನೋಡೇ ಖುಷಿಯಾಗಿ ಆಲೆಮನೆಗೆ ಹೇಳ್ಬಿಡೋಣ ಅಂತಿದ್ದೆ. ಆಮೇಲೆ ಗೊತ್ತಾಗಿದ್ದು ನೋಡ್ಬೇಕಾಗಿರೋದು ಬುಡ ಅಲ್ಲ, ತುದಿ ಬುಡ ಎಷ್ಟು ಹತ್ರ ಬಂದವೆ ಅನ್ನೋದು, ಎರಡೂ ಹೆಚ್ಚುಕಮ್ಮಿ ಒಂದೇ ಆದ್ರೆ ಕಬ್ಬು ಬಲಿತಿದೆ ಅಂತ.

ಅಲ್ಲಿಂದ ನೀರು ನಿಲ್ಲಿಸ್ದೆ. ಆ ಟೈಮಿಗೆ ಸರಿಯಾಗಿ ಚಳಿನೂ ಹಿಡ್ಕೊಳ್ತು, ನಮ್ಮ ಕಡೆ ಜನವರೀಲಿ ಬೆಳಗಿನ ಜಾವ 15-16 ಡಿಗ್ರಿಗೆ ಇಳಿಯುತ್ತಲ್ಲ, ಹಗಲು ಮಾತ್ರ ಒಳ್ಳೆ ಬಿಸಿಲು. ಇದೇ ಕಬ್ಬಿಗೆ ಬೇಕಾಗಿರೋದು. ರಾತ್ರಿ ತಂಪಿಗೆ ಗಿಡ ಉದ್ದಕ್ಕೆ ಬೆಳೆಯೋದು ಕಮ್ಮಿ ಮಾಡುತ್ತೆ, ಆದ್ರೆ ಹಗಲು ಬಿಸಿಲಲ್ಲಿ ಎಲೆ ಸಕ್ಕರೆ ಮಾಡೋದನ್ನ ನಿಲ್ಲಿಸಲ್ಲ, ಬೆಳವಣಿಗೆಗೆ ಖರ್ಚಾಗದೆ ಉಳಿದ ಸಕ್ಕರೆ ಎಲ್ಲಾ ಜಲ್ಲೆಯಲ್ಲಿ ತುಂಬ್ಕೊಳ್ತಾ ಹೋಗುತ್ತೆ. ಜನವರಿ ಮೂರನೇ ವಾರಕ್ಕೆ ಬುಡ 20.5, ತುದಿ 18.5! ಸ್ಕೇಲಲ್ಲಿ ನೀಲಿ ಗೆರೆ ವಾರದಿಂದ ವಾರಕ್ಕೆ ಮೇಲಕ್ಕೆ ಹೋಗೋದು ನೋಡೋದೇ ಒಂದು ಸಂತೋಷ ಕಣ್ರಿ. ಅಪ್ಪ ಮೀಟರ್ ಏನೂ ಇಲ್ದೆ ಜಲ್ಲೆನ ಕತ್ತಿ ಬೆನ್ನಿಂದ ತಟ್ಟಿ ಕಂಚಿನ ಥರ ಸದ್ದು ಬಂದ್ರೆ ಆಯ್ತು ಅಂತಾರೆ, ಅವತ್ತು ಅವರು ಹೇಳಿದ್ದೂ ಮೀಟರ್ ತೋರಿಸಿದ್ದೂ ಒಂದೇ ಆಯ್ತು.

ಇನ್ನೊಂದು ತುಂಡು ಐತೆ ನಮ್ದು, ಅದೇ ತಳಿ, ಅದೇ ತಿಂಗಳು ನಾಟಿ, ಚಳಿನೂ ಅದೇ. ಆದ್ರೆ ಪಕ್ಕದವರು ಬೇಸಿಗೆ ಭತ್ತಕ್ಕೆ ಗದ್ದೆಗೆ ನೀರು ಕಟ್ಟಿದ್ರಿಂದ ಬಸಿ ನೀರು ಬರ್ತಾನೇ ಇತ್ತು, ಅಲ್ಲಿ ತುದಿ 14ರ ಮೇಲೆ ಏಳಲೇ ಇಲ್ಲ. ಬರೀ ಚಳಿ ಇದ್ರೆ ಸಾಲದು, ಬೇರಿನ ಹತ್ರ ಮಣ್ಣೂ ಒಣಗ್ಬೇಕು ಅನ್ನೋದು ನಂಗೆ ಮನದಟ್ಟಾಗಿದ್ದೇ ಈ ಮೀಟರಿಂದ, ಅದಕ್ಕೇ ಕೊಟ್ಟ ದುಡ್ಡು ಬಂತು ಅಂತೀನಿ.

ಈಗ ತೊಂದ್ರೆಗಳು. ಜಲ್ಲೆ ಚುಚ್ಚಿ ರಸ ತೆಗೆಯೋ ಸೂಜಿ ಜೊತೇಲಿ ಬರಲ್ಲ, ಅಂಗಡಿಯವ್ರು ಬರುತ್ತೆ ಅಂದಿದ್ರು, ಮನೇಗೆ ತಂದು ಬಿಚ್ಚಿದ್ರೆ ಇಲ್ಲ, ಫೋನ್ ಮಾಡಿದ್ರೆ ಬೇರೆ ತಗೊಳ್ಳಿ ಅಂದ್ರು, ಬೇಜಾರಾಯ್ತು. ನಾನು ಇಕ್ಕಳದಲ್ಲಿ ಹಿಂಡ್ತೀನಿ. ಒಳಗಿದ್ದ ಹಾಳೇಲಿ ಒಂದಕ್ಷರ ಕನ್ನಡ ಇಲ್ಲ. ತಗೊಳ್ಳೋವಾಗ ಎಟಿಸಿ (ಬಿಸಿ ತಂಪಿನ ವ್ಯತ್ಯಾಸನ ತಾನೇ ಸರಿ ಮಾಡ್ಕೊಳ್ಳೋದು) ಅಂತ ಬರೆದಿರೋದನ್ನೇ ತಗೊಳ್ಳಿ, ಸ್ಕೇಲ್ ಗುರುತು ಮಾಡಿರೋದು 20 ಡಿಗ್ರಿಗೆ, ಎಟಿಸಿ ಇಲ್ದಿರೋದ್ರಲ್ಲಿ 30 ಡಿಗ್ರಿ ಮಧ್ಯಾಹ್ನದಲ್ಲಿ ನೋಡಿದ್ರೆ ಮುಕ್ಕಾಲು ಪಾಯಿಂಟ್ ಹತ್ರ ಕಮ್ಮಿ ತೋರಿಸುತ್ತೆ. ಪ್ರತಿ ಸಲ ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆ ಬರುತ್ತಾ ನೋಡಿ, ಬರ್ಲಿಲ್ಲ ಅಂದ್ರೆ ಮೇಲಿರೋ ಸ್ಕ್ರೂ ತಿರುಗಿಸಿ ಸರಿ ಮಾಡಿ. ಆಮೇಲೆ ಒದ್ದೆ ಮೆತ್ತನೆ ಬಟ್ಟೇಲಿ ಒರೆಸ್ಬೇಕು, ಪಂಚೆ ತುದೀಲಿ ಒರೆಸಿದ್ರೆ ಗಾಜಿಗೆ ಗೀರು ಬೀಳುತ್ತೆ. ಒಂದೇ ಜಲ್ಲೆ ನೋಡಿ ತೀರ್ಮಾನ ಮಾಡ್ಬೇಡಿ, ನಾನು ಹೊಲದ ನಾಲ್ಕೈದು ಕಡೆಯಿಂದ ಜಲ್ಲೆ ತಗೋತೀನಿ, ಬದು ಪಕ್ಕದ್ದು ಬಿಟ್ಟು.

ಇನ್ನೊಂದು ಮಾತು ಚೌಳು ಗದ್ದೆ ಇರೋರಿಗೆ. ಈ ಮೀಟರ್ ಬರೀ ಸಕ್ಕರೆ ಲೆಕ್ಕ ಹಾಕಲ್ಲ, ರಸದಲ್ಲಿ ಕರಗಿರೋ ಉಪ್ಪನ್ನೂ ಸೇರಿಸ್ಕೊಂಡೇ ತೋರಿಸುತ್ತೆ. ಅಂಥ ಕಡೆ 20 ಬಂದ್ರೂ ಬೆಲ್ಲ ಉಪ್ಪುಪ್ಪಾಗಿ ಅಚ್ಚು ಸರಿಯಾಗಿ ಕೂರ್ದೆ ಇರಬಹುದು, ಅಲ್ಲಿ ಆಲೆಮನೆಯಲ್ಲಿ ಪಾಕ ಹಾಕೋರ ಮಾತನ್ನೇ ಕೇಳಿ. ಕಡಿದ ಮೇಲೂ ಗದ್ದೇಲಿ ಎರಡು ಮೂರು ದಿನ ಬಿಟ್ರೆ ಸಕ್ಕರೆ ಒಡೆದು ಬೇರೆ ಆಗುತ್ತೆ, ಮೀಟರಲ್ಲಿ ಅದು ಗೊತ್ತೇ ಆಗಲ್ಲ, ಒಣಗಿದ ಕಬ್ಬಲ್ಲಿ ಇನ್ನೂ ಜಾಸ್ತಿನೇ ತೋರಿಸುತ್ತೆ. ನಾನು ಬೆಳಿಗ್ಗೆ ಕಡಿಸಿ ಅವತ್ತೇ ಗಾಣಕ್ಕೆ ಕೊಟ್ಟೆ, ಬೆಲ್ಲ ಹೊಂಬಣ್ಣಕ್ಕೆ ಬಂತು, ಅಚ್ಚು ಗಟ್ಟಿಯಾಗಿ ಕೂತ್ಕೊಳ್ತು.

ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಮ್ಮಿ ಆ ಸೂಜಿಗೆ. ಬಸಿ ನೀರಿನ ತುಂಡಿಗೆ ಈಗ ಬದು ಪಕ್ಕ ಕಾಲುವೆ ತೋಡಿಸಿದೀನಿ, ಚಳಿ ಇನ್ನೊಂದೆರಡು ವಾರ ಇರೋ ಹಂಗೆ ಕಾಣುತ್ತೆ, ಬರೋ ಭಾನುವಾರ ಮತ್ತೆ ರಸ ಹಿಂಡಿ ನೋಡ್ಬೇಕು.