ಹೆತ್ತೂರಿನ ಕಾಫಿಯೋ, ಬಾಣಾವರದ ತೆಂಗೋ: ಒಂದೊಂದು ವರ್ಷ ಇದ್ದು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನಾವು ಇಷ್ಟಪಟ್ಟದ್ದು ಹೆತ್ತೂರನ್ನು. ತೋಟ ಕೊಂಡದ್ದು ಬಾಣಾವರದ ಕಡೆ.

ನಮ್ಮಿಬ್ಬರದೂ ಹಾಸನದಲ್ಲಿ ಕೆಲಸ. ನಮ್ಮಪ್ಪನ ಕಾಲಕ್ಕೇ ಜಮೀನು ಕೈಬಿಟ್ಟಿತ್ತು. ಮನೆಯಲ್ಲಿ ಯಾರ ಹೆಸರಿಗೂ ಪಹಣಿ ಇರಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ನಮ್ಮಂಥವರಿಗೂ ಕೃಷಿ ಜಮೀನು ಕೊಳ್ಳಲು ದಾರಿಯಾಯಿತು. ಆಗಲೇ ಆಸೆ ಹುಟ್ಟಿದ್ದು. ಒಂದು ಸಣ್ಣ ಮನೆ, ಸುತ್ತ ಎರಡು ಎಕರೆ ತೋಟ, ಶನಿವಾರ ಭಾನುವಾರ ಅಲ್ಲಿ. ಹಾಸನದವರಿಗೆ ಇರುವ ಅನುಕೂಲ ಅಂದರೆ ಪಶ್ಚಿಮಕ್ಕೆ ಹೋದರೆ ಹೆತ್ತೂರಿನ ಮಲೆನಾಡು, ಉತ್ತರಕ್ಕೆ ಹೋದರೆ ಬಾಣಾವರದ ಬಯಲುಸೀಮೆ. ಎರಡಕ್ಕೂ ಹೆಚ್ಚುಕಮ್ಮಿ ಒಂದೂವರೆ ಗಂಟೆ.

ಕೊಳ್ಳುವ ಮೊದಲು ಒಂದೊಂದು ವರ್ಷ ಇದ್ದು ನೋಡೋಣ ಅಂದುಕೊಂಡೆವು. ಹೇಳಿದಷ್ಟು ಸುಲಭವಾಗಲಿಲ್ಲ. ತೋಟ ಗುತ್ತಿಗೆಗೆ ಕೊಡಿ ಅಂದರೆ ಮಾಲೀಕರ ಮುಖ ಸಣ್ಣದಾಗುತ್ತದೆ. ಗೇಣಿ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಹಳಬರಿಗೆ 1974 ನೆನಪಾಗುತ್ತದೆ. ಉಳುವವನೇ ಒಡೆಯ ಆದ ವರ್ಷ ಅದು. ಕೊನೆಗೆ ಎರಡೂ ಕಡೆ ಮನೆ ಮಾತ್ರ ಬಾಡಿಗೆಗೆ ಹಿಡಿದೆವು. ತೋಟದ ಕೆಲಸ ನಮ್ಮದು, ಫಸಲು ಅವರದು. ಸುಮ್ನೆ ದುಡಿದೆವು ಅಂತ ನೆಂಟರು ನಕ್ಕರು. ನಗಲಿ.

ಹೆತ್ತೂರಿಗೆ ಹೋದದ್ದು 2022ರ ಜೂನ್‌ನಲ್ಲಿ. ಸಕಲೇಶಪುರದಿಂದ ಒಳಗೆ, ಹಳೇ ಹೆಂಚಿನ ಮನೆ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು, ಕೆಳಗೆ ಅರೇಬಿಕಾ. ಮೊದಲ ವಾರ ಸ್ವರ್ಗ. ಜುಲೈನಲ್ಲಿ ಮಳೆ ಹಿಡಿಯಿತು. ದೋಣಿಗಾಲ್ ಹತ್ತಿರ ಶಿರಾಡಿ ಹೆದ್ದಾರಿಯೇ ಕುಸಿದ ವರ್ಷ ಅದು, ನೆನಪಿರಬಹುದು. ಒಂದು ಶುಕ್ರವಾರ ಸಂಜೆ ಬಾಗಿಲು ತೆಗೆದರೆ ಹಾಸಿಗೆಯ ಮೇಲೆ ಹಸಿರು ಬೂಷ್ಟು. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ತಂತಿ ಮೇಲೆ ಮರ ಬಿದ್ದು ಒಂಬತ್ತು ದಿನ ಕರೆಂಟ್ ಇಲ್ಲ. ಇಂಬಳದ, ಅಂದರೆ ಜಿಗಣೆಯ, ಬಗ್ಗೆ ಹೇಳುವುದೇ ಬೇಡ. ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೋದರೂ ಸಾಕ್ಸ್ ಬಿಚ್ಚಿದಾಗ ಎರಡು ಇದ್ದೇ ಇರುತ್ತಿದ್ದವು.

ಇದೆಲ್ಲ ಸಹಿಸಬಹುದಾಗಿತ್ತು. ಕಡುಬು ತಿಂದು, ಒಲೆ ಮುಂದೆ ಕೂತು ಮಳೆ ಕೇಳುವುದು ನನಗೆ ಈಗಲೂ ಇಷ್ಟ. ತೊಂದರೆ ಇದ್ದದ್ದು ಸೋಮವಾರದಿಂದ ಶುಕ್ರವಾರದವರೆಗೆ. ನಾವು ಅಲ್ಲಿ ಇಲ್ಲದ ಆ ಐದು ದಿನ ತೋಟ ತನ್ನ ಪಾಡಿಗೆ ಕಾಡಾಗಲು ಹೊರಡುತ್ತಿತ್ತು. ಕಳೆ ಮೊಣಕಾಲುದ್ದ. ಕಾಫಿಗಿಡದಲ್ಲಿ ಬೇಡದ ಚಿಗುರು. ಚಿಗುರು ತೆಗೆಯಬೇಕು, ನೆರಳಿನ ಮರದ ಕೊಂಬೆ ಸವರಿಸಿ ಮರಗಸಿ ಮಾಡಿಸಬೇಕು, ಬಿಳಿ ಕಾಂಡಕೊರಕ ಹುಳು ಹಿಡಿದ ಗಿಡ ಹುಡುಕಿ ಕಿತ್ತು ಸುಡಬೇಕು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಸಲಹೆಗೆ ಬರವಿಲ್ಲ. ಸಲಹೆ ಪಾಲಿಸುವವರು ತೋಟದಲ್ಲಿ ಇರಬೇಕಲ್ಲ?

ನಿಜವಾದ ಪೆಟ್ಟು ಬಿದ್ದದ್ದು ಕುಯ್ಲಿನಲ್ಲಿ. ಅರೇಬಿಕಾ ಒಂದೇ ಸಲಕ್ಕೆ ಹಣ್ಣಾಗುವುದಿಲ್ಲ. ನವೆಂಬರಿಂದ ಜನವರಿವರೆಗೆ ಮೂರ್ನಾಲ್ಕು ಸುತ್ತು ಕುಯ್ಯಬೇಕು. ಆಳುಗಳನ್ನು ಬೆಳಿಗ್ಗೆಯೇ ದೊಡ್ಡ ಎಸ್ಟೇಟಿನ ಪಿಕಪ್ ಜೀಪು ತುಂಬಿಕೊಂಡು ಹೋಗುತ್ತದೆ. ಅವರಿಗೆ ಅಲ್ಲಿ ಎರಡು ತಿಂಗಳು ಬಿಡದೆ ಕೆಲಸ. ನಮ್ಮ ಎರಡು ಎಕರೆಗೆ ಮೂರು ದಿನದ ಕೂಲಿಗೆ ಯಾರು ಬರುತ್ತಾರೆ? ನಾನು, ನನ್ನ ಹೆಂಡತಿ, ಅವಳ ತಮ್ಮ ಮೂವರೂ ಕುಯ್ದೆವು. ಮುಕ್ಕಾಲು ಪಾಲು ಹಣ್ಣು ನೆಲಕ್ಕೆ. ಮಾಲೀಕರು ಬೈಯಲಿಲ್ಲ. ಪ್ರತಿ ವರ್ಷವೂ ಇಷ್ಟೇ ಅಂದರು. ಅದು ಇನ್ನೂ ಹೆಚ್ಚು ಚುಚ್ಚಿತು.

ಆಮೇಲೆ ಆನೆ. ಬುಧವಾರವೋ ಗುರುವಾರವೋ ಫೋನ್ ಬರುತ್ತಿತ್ತು, 'ಈ ವಾರ ಬರಬೇಡಿ, ಈ ಕಡೆ ಇವೆ' ಅಂತ. ಒಂದು ಸಲ ಗೇಟು ಮುರಿದು ಒಳಗೆ ಬಂದು ಬೈನೆ ಮರ ಉರುಳಿಸಿ ತಿಂದು ಹೋಗಿದ್ದವು. ಹಲಸು ಹಣ್ಣಾದರೆ ಊರವರೇ ಮೊದಲು ಕಿತ್ತು ಹಾಕುತ್ತಾರೆ, ವಾಸನೆಗೆ ಬರುತ್ತವೆ ಅಂತ. ನಾವು ಬಿಟ್ಟು ಬಂದ ಮೇಲೆ, 2023ರ ಡಿಸೆಂಬರಿನಲ್ಲಿ, ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಂದಿಗೆ ಕಾದಾಡಿ ಸತ್ತದ್ದು ಇದೇ ಯಸಳೂರು ಕಾಡಿನಲ್ಲಿ. ಪಕ್ಕದ ಹೋಬಳಿ. ಸುದ್ದಿ ಕೇಳಿ ಹೆಂಡತಿ ಎರಡು ದಿನ ಹೆತ್ತೂರಿನ ಮಾತೇ ಎತ್ತಲಿಲ್ಲ.

ಕಾಗದ ನೋಡಿದರೆ ಇನ್ನೊಂದು ಕಥೆ. ಬೇಲಿಯ ಒಳಗೆ ಮೂರು ಎಕರೆ, ಪಹಣಿಯಲ್ಲಿ ಎರಡು ಎಕರೆ ಹತ್ತು ಗುಂಟೆ. ಉಳಿದದ್ದು ಒತ್ತುವರಿ. ಕಾಫಿ ಸೀಮೆಯಲ್ಲಿ ಇದು ಹೊಸದಲ್ಲ, ಯಾರೂ ಮುಚ್ಚಿಡುವುದೂ ಇಲ್ಲ. ಒತ್ತುವರಿ ತೋಟವನ್ನು ಬೆಳೆಗಾರರಿಗೇ 30 ವರ್ಷಕ್ಕೆ ಗುತ್ತಿಗೆ ಕೊಡುವ ಕಾನೂನೂ ಬಂದಿದೆ. ಆದರೆ ಗುತ್ತಿಗೆ ಸಿಕ್ಕರೂ ಅದು ಕ್ರಯ ಮಾಡಿಕೊಳ್ಳುವ ಆಸ್ತಿಯಲ್ಲ. ಬೆಲೆ ಹೇಳುವಾಗ ಮಾತ್ರ ಬೇಲಿ ಲೆಕ್ಕ! ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಬೇಲಿ ಸುತ್ತಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಾಲು ಯಾವಾಗ ಸರ್ಕಾರದ ಜಾಗಕ್ಕೆ ಬಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ. ಅದು ಸರ್ವೆಗೆ ಬದಲಿ ಅಲ್ಲ, ಆದರೆ ಮಾತು ಶುರು ಮಾಡಲು ಸಾಕು.

ಬಾಣಾವರಕ್ಕೆ ಹೋದದ್ದು 2023ರ ಜೂನ್‌ನಲ್ಲಿ. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ ಘೋಷಿಸಿದ ವರ್ಷ. ಮಲೆನಾಡಿಗೆ ಹೋದರೆ ಅತಿವೃಷ್ಟಿ, ಬಯಲಿಗೆ ಬಂದರೆ ಬರ. ನಮ್ಮ ಕಾಲ್ಗುಣ ಅಂದರು ಪಕ್ಕದ ತೋಟದವರು. ನನಗೆ ಒಳ್ಳೆಯದೇ ಆಯಿತು. ಎರಡೂ ಕಡೆ ಕೆಟ್ಟ ವರ್ಷವನ್ನೇ ನೋಡಿದ್ದರಿಂದ ಹೋಲಿಸಲು ಸರಿಹೋಯಿತು.

ನೋಡಲು ಏನೂ ಇಲ್ಲ. ಚಪ್ಪಟೆ ನೆಲ, ಸಾಲು ತೆಂಗು, ಎಕರೆಗೆ ಸುಮಾರು ಎಪ್ಪತ್ತು ಮರ. ಮೂಲೆಯಲ್ಲಿ ಎರಡು ಕೋಣೆ, ಮೇಲೆ ಕಾಯಿ ಒಣಗಿಸುವ ಅಟ್ಟ. ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ. ಬೋರ್‌ವೆಲ್ 760 ಅಡಿ. ಒಂದೂವರೆ ಇಂಚು ಬರುತ್ತಿದ್ದ ನೀರು 2024ರ ಏಪ್ರಿಲ್‌ಗೆ ಅರ್ಧ ಇಂಚಿಗೆ ಇಳಿಯಿತು. ಗರಿ ಜೋತು ಬಿದ್ದವು, ಹರಳು, ಅಂದರೆ ಎಳೇ ಕಾಯಿ, ಉದುರಿದವು, ಬಿಳಿನೊಣ ಬಂದು ಎಲೆಯ ಮೇಲೆಲ್ಲ ಕಪ್ಪು ಮಸಿ. ಎರಡು ಸಲ ಟ್ಯಾಂಕರ್ ತರಿಸಿದೆವು. ಇಲ್ಲಿ ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ.

ಆದರೆ ತೆಂಗು ಕಾಯುತ್ತದೆ. ಎರಡು ವಾರ ಹೋಗದಿದ್ದರೂ ಮರ ಅಲ್ಲೇ ಇರುತ್ತದೆ. ಮೋಟರಿಗೆ ತ್ರೀ ಫೇಸ್ ಬರುವುದು ದಿನಕ್ಕೆ ಏಳು ಗಂಟೆ, ಪಾಳಿ ಬಿದ್ದರೆ ನಡುರಾತ್ರಿ. ಅದಕ್ಕೆ ಆಟೋ ಸ್ಟಾರ್ಟರ್ ಇದೆ, ಡ್ರಿಪ್ ಇದೆ. ನಾನು ಹಾಸನದಲ್ಲಿ ಮಲಗಿರುವಾಗ ಅಲ್ಲಿ ನೀರು ಹೋಗುತ್ತದೆ. ಕಾಯಿ ತಾನಾಗಿ ಬೀಳುತ್ತದೆ. ಆರಿಸಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳಿಗೆ ಒಳಗೇ ಉಂಡೆ ಕೊಬ್ಬರಿ. ಅಷ್ಟು ತಿಂಗಳು ನಮ್ಮನ್ನು ಏನೂ ಕೇಳುವುದಿಲ್ಲ. ಇಲಿ ಕಾಟ ಇದೆ, ಅದು ಬೇರೆ. ಸುಲಿಯುವವರು ಗುಂಪಾಗಿ ಬಂದು ಒಂದೇ ದಿನಕ್ಕೆ ಮುಗಿಸಿ ಹೋಗುತ್ತಾರೆ.

ಮನೆ ಕಟ್ಟುವ ಲೆಕ್ಕದಲ್ಲೂ ಬಾಣಾವರವೇ ಸಲೀಸು. ಲಾರಿ ಜಗಲಿವರೆಗೆ ಬರುತ್ತದೆ. ಹೆತ್ತೂರಿನಲ್ಲಿ ಜಲ್ಲಿ ಇಳಿಸಿದರೆ ಅರ್ಧ ಕಿಲೋಮೀಟರ್ ಹೊತ್ತು ತರಬೇಕಿತ್ತು.

ಕಾಗದದ ಗೋಳು ಇಲ್ಲಿ ಬೇರೆ ತರಹ. ಒತ್ತುವರಿ ಇಲ್ಲ, ಆದರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿ. ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು, ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದರಿಂದ ಆ ಭಾಗ ಅಳೆದು ತೋರಿಸುವ 11ಇ ನಕ್ಷೆ ಬೇಕು, ನಾಲ್ಕು ಜನ ಅಣ್ಣತಮ್ಮಂದಿರು, ಮೂವರು ಅಕ್ಕತಂಗಿಯರು. ಹೆಣ್ಣುಮಕ್ಕಳ ಸಹಿ ಯಾಕೆ, ಅವರಿಗೆ ಮದುವೆಯಲ್ಲೇ ಕೊಟ್ಟಾಗಿದೆ ಅಂದರು ಮಧ್ಯವರ್ತಿ. 2005ರಿಂದ ಮಗಳಿಗೂ ಮಗನಷ್ಟೇ ಪಾಲು, ಏಳೂ ಸಹಿ ಇಲ್ಲದೆ ಮುಂಗಡ ಕೊಡುವುದಿಲ್ಲ ಅಂತ ಕೂತೆ. ಶಿವಮೊಗ್ಗದಲ್ಲಿದ್ದ ಕೊನೇ ತಂಗಿಯ ಮನೆಗೆ ನಾವೇ ಮೂರು ಸಲ ಹೋದೆವು. ಮೂರನೇ ಸಲ ಆಕೆ ಹೇಳಿದ್ದು, 'ಇಷ್ಟು ವರ್ಷದಲ್ಲಿ ನನ್ನನ್ನು ಕೇಳಿದವರು ನೀವೇ ಮೊದಲು' ಅಂತ. ಎಂಟು ತಿಂಗಳು ಹಿಡಿಯಿತು. ಆದರೂ ಈ ಗಂಟು ಬಿಚ್ಚುವಂಥದ್ದು. ಒತ್ತುವರಿಯ ಗಂಟು ನಮ್ಮ ಕೈಯಲ್ಲಿ ಇರಲಿಲ್ಲ.

ನಡುವೆ ಬೇಲೂರು ಕಡೆಯೂ ಒಂದು ಜಮೀನು ನೋಡಿದ್ದೆವು. ಅರೆಮಲೆನಾಡು, ಹವಾ ಚೆನ್ನ, ಎರಡರ ಮಧ್ಯದ್ದು ಅಂತ ಎಲ್ಲರೂ ಅದನ್ನೇ ತಗೊಳ್ಳಿ ಅಂದರು. ಶುಂಠಿಗೆ ಕೊಟ್ಟು ಕೊಟ್ಟು ಮಣ್ಣು ಸತ್ತಿತ್ತು. ಮೂಲ ಕಾಗದ ತೆಗೆಸಿದರೆ ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಮಂಜೂರು ಮಾಡಿದ್ದ ಭೂಮಿ. ಅಂಥದ್ದನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. ಮಂಜೂರಾದ ಕುಟುಂಬದವರು ವಾಪಸ್ ಕೇಳಬಹುದು, ಕೇಳುವುದು ಸರಿಯೂ ಹೌದು. ಅವತ್ತೇ ತಿರುಗಿ ಬಂದೆವು.

ದುಡ್ಡಿನ ಮಾತು ಚಿಕ್ಕದು. ನಮಗೆ ಹೇಳಿದ ಬೆಲೆಯಲ್ಲಿ ಹೆತ್ತೂರಿನ ಒಂದು ಎಕರೆಗೆ ಬಾಣಾವರದಲ್ಲಿ ಒಂದೂವರೆ ಬರುತ್ತಿತ್ತು. ಪೂರ್ತಿ ಅಲ್ಲೇ ಹೋಗಿ ನೆಲೆಸುವವರು ನೀವಾದರೆ, ಗಂಡ ಹೆಂಡತಿ ಇಬ್ಬರೂ ದಿನಾ ತೋಟ ಸುತ್ತುವವರಾದರೆ, ನನ್ನ ಲೆಕ್ಕ ಉಲ್ಟಾ. ಆಗ ನಾನೂ ಹೆತ್ತೂರನ್ನೇ ಹಿಡಿಯುತ್ತಿದ್ದೆ. ಕಾಫಿ ಮೆಣಸು ಎರಡೂ ಕೈಹಿಡಿದರೆ ತೆಂಗು ಅದರ ಹತ್ತಿರಕ್ಕೂ ಬರುವುದಿಲ್ಲ.

ಕೊಂಡದ್ದು ಎರಡು ಎಕರೆ ಹನ್ನೆರಡು ಗುಂಟೆ. ಮನೆ ಇನ್ನೂ ಕಟ್ಟಿಲ್ಲ. ಅಟ್ಟದ ಕೆಳಗೆ ಮಲಗುತ್ತೇವೆ, ರಾತ್ರಿಯೆಲ್ಲ ಮೇಲೆ ಇಲಿ ಕಾಯಿ ಉರುಳಿಸುತ್ತಿರುತ್ತವೆ.

ಹೋದ ಮಾರ್ಚ್‌ನಲ್ಲಿ ಹೆತ್ತೂರಿನ ಮಾಲೀಕರು ಫೋನ್ ಮಾಡಿದ್ದರು. ಬೆಂಗಳೂರಿನವರು ಯಾರೋ ತೋಟ ನೋಡಲು ಬಂದಿದ್ದಾರಂತೆ. ಹೂಮಳೆ ಬಿದ್ದು ವಾರವಾಗಿತ್ತು, ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ವಾಸನೆ. ಜುಲೈನಲ್ಲಿ ಇನ್ನೊಂದು ಸಲ ಬಂದು ನೋಡಲು ಹೇಳಿ ಅಂದೆ. 'ಜುಲೈವರೆಗೆ ಯಾಕೆ ಬಿಡಲಿ ಮಾರಾಯ್ರೆ' ಅಂತ ನಕ್ಕರು.