ರೆಡಿಮೇಡ್ ಬ್ರಾಡ್‌ಫೋರ್ಡ್ ರೀಏಜೆಂಟ್: ಬಿ.ಎಸ್ಸಿ. ಲ್ಯಾಬಿಗೆ ಕೊಳ್ಳಬಹುದೇ?

ಧಾರಾಳವಾಗಿ. ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಬಣ್ಣದಿಂದ ಅಳೆಯುವ ರೀಏಜೆಂಟ್ ಇದು. ಇದೇ ಅಳತೆಯ ಲೌರಿ ವಿಧಾನದಲ್ಲಿ ತಾಮ್ರದ ದ್ರಾವಣವನ್ನು ಆಯಾ ದಿನವೇ ಬೆರೆಸಬೇಕು, ಎರಡೆರಡು ಸಲ ಕಾಯಬೇಕು. ಪ್ರಾಕ್ಟಿಕಲ್ ಅವಧಿಯ ಮುಕ್ಕಾಲು ಗಂಟೆ ಅದಕ್ಕೇ ಹೋಗುತ್ತದೆ. ಇಲ್ಲಿ 0.1 ಮಿ.ಲೀ. ಸ್ಯಾಂಪಲ್‌ಗೆ 3 ಮಿ.ಲೀ. ರೀಏಜೆಂಟ್ ಹಾಕಿ, 5 ನಿಮಿಷ ಬಿಟ್ಟು, 595 ನ್ಯಾನೋಮೀಟರಿನ ಬೆಳಕಿನಲ್ಲಿ ಬಣ್ಣದ ಗಾಢತೆ ಓದಿದರೆ ಮುಗಿಯಿತು. ಕಂದು ದ್ರಾವಣ ಕಣ್ಣೆದುರೇ ನೀಲಿಗೆ ತಿರುಗುತ್ತದೆ.

ಎಡವುವುದು ಸಣ್ಣ ವಿಷಯಗಳಲ್ಲೇ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ತಂಪು ಆರಲಿ. ತಳದಲ್ಲಿ ಬಣ್ಣ ಕೂತಿರುತ್ತದೆ, ಮೆಲ್ಲಗೆ ಮಗುಚಿ. ಜೋರಾಗಿ ಕುಲುಕಿದರೆ ಬರೀ ನೊರೆ. ಕೋಶ ಒಡೆಯಲು ಟ್ರೈಟನ್ ಅಥವಾ ಎಸ್‌ಡಿಎಸ್‌ನಂಥ ಡಿಟರ್ಜೆಂಟ್ ಬಳಸಿದ್ದರೆ ಪ್ರೋಟೀನೇ ಇಲ್ಲದ ಬ್ಲ್ಯಾಂಕ್ ಕೂಡ ನೀಲಿಯಾಗಬಹುದು. ಅಂಥ ಸ್ಯಾಂಪಲ್‌ಗೆ ಪ್ರೋಟೀನ್ ಅಳೆಯುವ ಇನ್ನೊಂದು ವಿಧಾನವಾದ ಬಿಸಿಎಯೇ ವಾಸಿ.

ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಈ ಬಣ್ಣವನ್ನು ಹೆಚ್ಚಾಗಿಯೇ ಹಿಡಿಯುತ್ತದೆ. ಹಾಗಾಗಿ ಅದನ್ನೇ ಸ್ಟ್ಯಾಂಡರ್ಡ್ (ಹೋಲಿಕೆಗೆ ಇಡುವ, ಪ್ರಮಾಣ ಗೊತ್ತಿರುವ ಪ್ರೋಟೀನ್) ಮಾಡಿಕೊಂಡರೆ ಎಷ್ಟೋ ಪ್ರೋಟೀನುಗಳ ಲೆಕ್ಕ ಕಡಿಮೆ ಬರುತ್ತದೆ. ಪ್ರೋಟೀನ್ ಹೆಚ್ಚಿರುವ ಮೇಲ್ತುದಿಯಲ್ಲಿ ಸ್ಟ್ಯಾಂಡರ್ಡಿನ ಗ್ರಾಫ್ ಬಾಗುವುದೂ ಉಂಟು. ಗೆರೆ ಎಳೆದು ಊಹಿಸಬೇಡಿ, ಸ್ಯಾಂಪಲ್ ತೆಳು ಮಾಡಿ ಮತ್ತೆ ಓದಿ.

ಕ್ವಾರ್ಟ್ಜ್ ಕ್ಯುವೆಟ್ (ದ್ರಾವಣ ಹಾಕಿ ಓದುವ ಸಣ್ಣ ಪಾತ್ರೆ) ಮಾತ್ರ ಮುಟ್ಟಬೇಡಿ. ಬಣ್ಣ ಅಂಟಿಕೊಂಡರೆ ಎಥನಾಲ್ ಹಾಕಿ ತಿಕ್ಕುತ್ತಾ ಕೂರಬೇಕು. ಅಗ್ಗದ ಪ್ಲಾಸ್ಟಿಕ್ಕೇ ಸಾಕು.