ವೈರ್ ಕಟ್ ಮಾಡಿಸ್ತೀರಾ? ಸ್ಲಗ್ ಬಿಟ್ಟು ಬರಬೇಡಿ

ಪ್ರೆಸ್ ಟೂಲ್ ಕೆಲಸದವರೇ, ಇದನ್ನು ಸ್ವಲ್ಪ ಓದಿ. ವೈರ್ ಕಟ್ ಅಂದರೆ ಓಡುವ ತೆಳು ತಂತಿಯಿಂದ ವಿದ್ಯುತ್ ಕಿಡಿ ಹಾರಿಸಿ ಲೋಹ ಕತ್ತರಿಸುವುದು; ಸ್ಲಗ್ ಅಂದರೆ ಹಾಗೆ ಕತ್ತರಿಸಿದಾಗ ಒಳಗಿನಿಂದ ಬೀಳುವ ತುಂಡು. ಪೀಣ್ಯದ ಒಂದು ಜಾಬ್ ವರ್ಕ್ ಶಾಪ್‌ನಲ್ಲಿ ನಮ್ಮ ಬ್ಲ್ಯಾಂಕಿಂಗ್ ಡೈಗೆ (ಲೋಹದ ಹಾಳೆಯಿಂದ ಬಿಲ್ಲೆ, ಅಂದರೆ ಬ್ಲ್ಯಾಂಕ್, ಕತ್ತರಿಸುವ ಅಚ್ಚು) ಮಾಡಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹೆಸರು ಬೇಡ ಬಿಡಿ.

ಡಿ2 ಎಂಬ ಟೂಲ್ ಸ್ಟೀಲ್, ಹಾರ್ಡನಿಂಗ್ ಆಗಿ ಗಡಸುತನ 60 ಎಚ್‌ಆರ್‌ಸಿ ಬಂದಿತ್ತು. 0.25 ಮಿ.ಮೀ. ಹಿತ್ತಾಳೆ ವೈರ್‌ನಲ್ಲಿ ಒಂದು ಮೇನ್ ಕಟ್ (ಮೊದಲ ಒರಟು ಕತ್ತರಿಕೆ), ಎರಡು ಟ್ರಿಮ್ ಕಟ್ (ಅದೇ ಗೋಡೆಯ ಮೇಲೆ ಮತ್ತೆ ಓಡಿಸುವ ನುಣುಪು ಕತ್ತರಿಕೆ) ಎಂದು ಮಾತಾಗಿತ್ತು. ಬಿಲ್ಲೂ ಹಾಗೇ ಬಂತು. ಡೈ ಒಳಗೋಡೆ ಪಳಪಳ ಹೊಳೆಯುತ್ತಿತ್ತು, ಸೈಜೂ ಸರಿ. ಆದರೆ ಪ್ರೆಸ್‌ಗೆ ಹತ್ತಿಸಿದ ಸ್ವಲ್ಪ ಹೊತ್ತಿಗೇ ಬ್ಲ್ಯಾಂಕ್‌ನಲ್ಲಿ ಬರ್ (ಅಂಚಿನಲ್ಲಿ ಏಳುವ ಚೂಪು ತರಿ) ಶುರು. ಬಿಚ್ಚಿ ನೋಡಿದರೆ ಡೈ ಅಂಚು ಇಲಿ ಕಡಿದ ಹಾಗೆ ಚಿಪ್ ಆಗಿತ್ತು.

ವೈರ್ ಕಟ್‌ನಲ್ಲಿ ಕಿಡಿ ಬಿದ್ದ ಕಡೆ ಲೋಹ ಕರಗುತ್ತದೆ. ಕರಗಿದ್ದೆಲ್ಲ ನೀರಲ್ಲಿ ಕೊಚ್ಚಿ ಹೋಗುವುದಿಲ್ಲ, ಸ್ವಲ್ಪ ಅಲ್ಲೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದೇ ವೈಟ್ ಲೇಯರ್. ಗಡಸು, ಆದರೆ ಪೆಡಸು, ಮೈಯೆಲ್ಲ ಸಣ್ಣ ಬಿರುಕು. ಮೇನ್ ಕಟ್‌ನಲ್ಲಿ ಕಿಡಿ ಜೋರು, ಪದರವೂ ದಪ್ಪ. ಟ್ರಿಮ್ ಕಟ್ ಇರುವುದೇ ಸಣ್ಣ ಕಿಡಿಯಲ್ಲಿ ಅದನ್ನು ತೆಗೆಯುವುದಕ್ಕೆ. ಸುಮ್ನೆ ಎಮರಿ ಕಾಗದ ಉಜ್ಜಿದರೆ ಮೇಲಿನ ಉಬ್ಬು ಹೋಗಿ ಹೊಳಪು ಬರುತ್ತದೆ, ಬಿರುಕು ಒಳಗೇ ಇರುತ್ತದೆ.

ಸಿಕ್ಕಿಬಿದ್ದದ್ದು ಸ್ಲಗ್‌ನಿಂದ. ಮೇನ್ ಕಟ್ ಮುಗಿದಾಗ ಒಳಗಿನ ತುಂಡು ಬಿದ್ದುಹೋಗುತ್ತದೆ, ಅದಕ್ಕೆ ಟ್ರಿಮ್ ಆಗುವುದೇ ಇಲ್ಲ. ಟ್ರಿಮ್ ಆದ ಗೋಡೆ ಅದಕ್ಕಿಂತ ಎದ್ದು ಕಾಣುವಷ್ಟು ನುಣುಪಾಗಿರಬೇಕು, ಅಲ್ವಾ? ಎಮರಿ ತಲುಪದ ಮೂಲೆಯಲ್ಲಿ ಉಗುರು ಎಳೆದು ನೋಡಿದೆ. ಸ್ಲಗ್‌ನ ತರಿಯೇ ಅಲ್ಲೂ ಇತ್ತು. ಅಂದರೆ ಟ್ರಿಮ್ ಹೊಡೆದೇ ಇರಲಿಲ್ಲ, ಹೊಳಪು ಎಮರಿಯದು. ಸ್ಲಗ್ ಅನ್ನು ಬೆಳಕಿಗೆ ಓರೆ ಹಿಡಿದರೆ ಕಪ್ಪು ಬಿಳಿ ಪಟ್ಟೆ ಬೇರೆ! ಹಿಂದೆ ಮುಂದೆ ಓಡುವ ಮಾಲಿಬ್ಡಿನಂ ವೈರ್ ಬಿಡುವ ಗುರುತು ಅದು. (ಆ ಮೆಷಿನ್ ಕೆಟ್ಟದ್ದು ಅಂತಲ್ಲ, ಫಿಕ್ಸ್ಚರ್ ಕೆಲಸಕ್ಕೆ ನಾವೂ ಕೊಡುತ್ತೇವೆ. ಹಿತ್ತಾಳೆ ವೈರ್ ರೇಟ್ ತಗೊಂಡು ಅದರಲ್ಲಿ ಹೊಡೆದದ್ದು ಮೋಸ.)

ಕೇಳಿದ್ದಕ್ಕೆ, "ಸಾರ್, ಸೈಜ್ ಕರೆಕ್ಟಾಗಿದೆಯಲ್ಲಾ?" ಅಂದರು. ದುಡ್ಡು ವಾಪಸ್ ಬರಲಿಲ್ಲ. ಬ್ಲ್ಯಾಂಕಿಂಗ್‌ನಲ್ಲಿ ಡೈ ಸೈಜೇ ಬ್ಲ್ಯಾಂಕ್ ಸೈಜ್, ಹಾಗಾಗಿ ಬೇರೆ ಕಡೆ ಟ್ರಿಮ್ ಹೊಡೆಸಿ ಉಳಿಸಿಕೊಳ್ಳುವ ದಾರಿಯೂ ಇರಲಿಲ್ಲ. ಪ್ಲೇಟ್ ಗುಜರಿಗೆ ಹೋಯಿತು.

ನೀವು ಕೊಡುವಾಗ ಆರ್ಡರ್‌ನಲ್ಲೇ ವೈರ್ ಯಾವುದು, ಟ್ರಿಮ್ ಎಷ್ಟು, ಆರ್‌ಎ (ಮೇಲ್ಮೈ ತರಿಯ ಅಳತೆ) ಎಷ್ಟು ಮೈಕ್ರಾನ್ ಒಳಗಿರಬೇಕು ಎಂದು ಬರೆಸಿ. ಎಮರಿ ಮುಟ್ಟಿಸಬಾರದು ಎಂದೂ ಸೇರಿಸಿ. ಸ್ಲಗ್ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಜಾಬ್ ಕೊಡಬೇಡಿ.